ಗೋಣಿಚೀಲದ ಚರಿತ್ರೆ

ನಮ್ಮ ಕಾಲೇಜಿನಲ್ಲಿ ಹಳೆಯ ಉತ್ತರಪತ್ರಿಕೆಗಳನ್ನು ಕಟ್ಟಿ ಇಟ್ಟಿರುವ ಒಂದು ಕತ್ತಲೆ ಕೋಣೆಯಿದೆ. ವಿದ್ಯಾರ್ಥಿಗಳ ಜ್ಞಾನವೂ ಅಜ್ಞಾನವೂ ಅಲ್ಲಿ ಸಮಭಾವದಿಂದ ಧೂಳು ಹಿಡಿಯುತ್ತ ಕುಳಿತಿರುತ್ತವೆ. ಕಳೆದ ವರ್ಷ ಸಂಕ್ರಾಂತಿ ಮುಗಿದು ನಾಲ್ಕಾರು ದಿನವಾಗಿದ್ದಿರಬಹುದು. ಹಾರೂಗೇರಿಯ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಗಾಳಿಯಲ್ಲಿ ರವದಿ ಸುಟ್ಟ ವಾಸನೆ. ನಾನು ತರಗತಿ ಮುಗಿಸಿ ಬಂದು ಕುಳಿತಿದ್ದೆ. ನಮ್ಮ ಹಿರಿಯ ಸಿಪಾಯಿ ಬಾಗಿಲಲ್ಲಿ ನಿಂತು, "ಸರ, ನಿಮ್ಮ ಕನ್ನಡ ಪೇಪರಿನ ಮ್ಯಾಲ ಬೆಕ್ಕ ಮರಿ ಹಾಕೈತ್ರಿ. ಐದ ಅದಾವು" ಎಂದರು. ಅವರ ಕೈಯಲ್ಲಿ ಒಂದು ಖಾಲಿ ಗೋಣಿಚೀಲವಿತ್ತು.

"ಚೀಲ ಯಾಕ ಕಾಕಾ?" ಎಂದೆ.

"ಕೆನಾಲ ದಂಡೀಗಿ ಬಿಟ್ಟ ಬರ್ತೇನ್ರಿ. ಕೊಲ್ಲೂದಿಲ್ರಿ ಸರ, ಪಾಪ ಬರ್ತೈತಿ. ಬರೇ ಬಿಟ್ಟ ಬರ್ತೇನಿ."

ಆ ಚೀಲ ನನಗೆ ಹೊಸದಾಗಿರಲಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಅಂಥದೇ ಒಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಸೈಕಲ್ಲಿನ ಹಿಂದೆ ಕುಳಿತು ಕೃಷ್ಣೆಯ ದಂಡೆಗೆ ಹೋಗಿದ್ದೆ. ಚೀಲದೊಳಗಿನ ಬಿಸುಪು ಚಡ್ಡಿಯನ್ನು ದಾಟಿ ನನ್ನ ತೊಡೆಗೆ ತಾಗುತ್ತಿತ್ತು. ಜಾಲಿಕಂಟಿಯ ಬುಡದಲ್ಲಿ ಅಪ್ಪ ಚೀಲದ ಬಾಯಿ ಬಿಚ್ಚಿದರು. "ಹಿಂದ ನೋಡಬ್ಯಾಡ, ದಾರಿ ಹತ್ತಿ ಬರ್ತಾವ" ಎಂದರು. ನಾನು ನೋಡಿದೆ. ಅವು ದಾರಿ ಹತ್ತಿ ಬರಲಿಲ್ಲ. ಅವಕ್ಕೆ ಇನ್ನೂ ನೆಟ್ಟಗೆ ನಡೆಯಲು ಸಹ ಬರುತ್ತಿರಲಿಲ್ಲ. ನಮ್ಮಪ್ಪ ನಿರ್ದಯಿಯಲ್ಲ, ಇರುವೆಗೂ ಸಕ್ಕರೆ ಹಾಕುವ ಮನುಷ್ಯ. ಆದ್ದರಿಂದಲೇ ಈ ಚೀಲಕ್ಕೆ ಒಂದು ಚರಿತ್ರೆ ಇದೆಯೆಂದು ನನಗೆ ಮುಂದೆ ಅನಿಸತೊಡಗಿತು. ಒಳ್ಳೆಯ ಮನುಷ್ಯರ ಕೈಯಲ್ಲಿ ಈ ಚೀಲವನ್ನು ಕೊಟ್ಟವರು ಯಾರು?

ಬೆಕ್ಕನ್ನು ಕೊಂದವನು ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕು, ಕಾಶಿಗೆ ಹೋಗಬೇಕು ಎಂಬ ಮಾತನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ವಿರಳ. ಈ ಭಯದ ಬೇರು ಹಳೆಯದು. ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಬೆಕ್ಕು, ಮುಂಗುಸಿ, ಕಪ್ಪೆ, ನಾಯಿ, ಉಡ, ಗೂಬೆ, ಕಾಗೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಇವನ್ನು ಕೊಂದವನಿಗೆ ಪ್ರಾಯಶ್ಚಿತ್ತ ವಿಧಿಸಲಾಗಿದೆ. ಆದರೆ ನಾವು ಕಾಗೆಯ ಪ್ರಾಯಶ್ಚಿತ್ತವನ್ನೂ ಕಪ್ಪೆಯ ಪ್ರಾಯಶ್ಚಿತ್ತವನ್ನೂ ಮರೆತು, ಬೆಕ್ಕಿನದೊಂದನ್ನು ಮಾತ್ರ ನೆನಪಿಟ್ಟುಕೊಂಡೆವು. ಫಲವೇನೆಂದರೆ, ಬೆಕ್ಕಿನ ಮರಿಯನ್ನು ನಾವು ಕೊಲ್ಲುವುದಿಲ್ಲ, 'ಬಿಟ್ಟು ಬರುತ್ತೇವೆ.' ಹಸಿವೆ, ಚಳಿ, ನಾಯಿ, ಹದ್ದು ಇವುಗಳ ಪಾಪ ಅವುಗಳಿಗೆ ಸೇರಿದ್ದು. ಕೈ ತೊಳೆದುಕೊಳ್ಳುವುದಕ್ಕೆ ಇಷ್ಟು ಸುಲಭದ ಉಪಾಯವನ್ನು ಸ್ಮೃತಿಕಾರನು ಸಹ ಊಹಿಸಿರಲಾರ.

ಕಾನೂನು ಮಾತ್ರ ಇದನ್ನು ಊಹಿಸಿತು. ರುಕ್ಮಿಣೀದೇವಿ ಅರುಂಡೇಲ್ ಅವರನ್ನು ನಾವು ಭರತನಾಟ್ಯದ ಹೆಸರಿನಿಂದ ಬಲ್ಲೆವು. 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಆಕೆ ಮರುವರ್ಷವೇ ಪ್ರಾಣಿಹಿಂಸೆಯ ವಿರುದ್ಧ ಒಂದು ಖಾಸಗಿ ಮಸೂದೆಯನ್ನು ತಂದರು. ಅದರ ಬೆನ್ನಿಗೇ ಸರಕಾರದ ಚಿಂತನೆ ನಡೆದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂತು. 1962ರಲ್ಲಿ ಪ್ರಾಣಿಕಲ್ಯಾಣ ಮಂಡಲಿ ಸ್ಥಾಪನೆಯಾಗಿ ಆಕೆಯೇ ಅದರ ಅಧ್ಯಕ್ಷೆಯಾದರು. ಹಸಿವೆ ನೀರಡಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಬರುವುದು ಆ ಕಾಯಿದೆಯ ಪ್ರಕಾರ ಅಪರಾಧ. ಇದಿರುವುದೂ 11ನೆಯ ಕಲಮಿನಲ್ಲಿಯೇ! ಮನುವಿಗೂ ಸಂಸತ್ತಿಗೂ ಈ ಒಂದು ಅಂಕಿಯಲ್ಲಿ ಒಮ್ಮತವಾದದ್ದು ಕಾಕತಾಳೀಯವೇ ಸರಿ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಗೆ ಕಡಿಮೆಯಿಲ್ಲ, 50 ರೂಪಾಯಿಗೆ ಹೆಚ್ಚಿಲ್ಲ. ಚಿನ್ನದ ಬೆಕ್ಕಿಗೆ ಹೋಲಿಸಿದರೆ ಅಗ್ಗ.

ಬೆಕ್ಕು ನಮ್ಮ ಮನೆಗೆ ಬಂದದ್ದಾದರೂ ಹೇಗೆ? ನಾಯಿಯನ್ನು ಮನುಷ್ಯ ಕರೆತಂದ, ದನವನ್ನು ಹಿಡಿತಂದ; ಬೆಕ್ಕು ತಾನೇ ಬಂತು ಎಂದು ತಿಳಿದವರು ಹೇಳುತ್ತಾರೆ. ಧಾನ್ಯವನ್ನು ಕೂಡಿಡಲು ಕಲಿತ ರೈತನ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಪಶ್ಚಿಮ ಏಷ್ಯ ಹಾಗೂ ಆಫ್ರಿಕದ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಿದೆ. ಮನುಷ್ಯನ ಅಸ್ಥಿಪಂಜರದಿಂದ ಒಂದು ಮೊಳಕ್ಕಿಂತ ಕಡಿಮೆ ದೂರದಲ್ಲಿ, ಸುಮಾರು ಎಂಟು ತಿಂಗಳ ವಯಸ್ಸಿನ ಒಂದು ಬೆಕ್ಕನ್ನೂ ಹೂಳಿದ್ದಾರೆ. ಈ ಸಂಗತಿಯನ್ನು ಫ್ರೆಂಚ್ ಪುರಾತತ್ವಜ್ಞರು ಪ್ರಕಟಿಸಿದ್ದು 2004ರಲ್ಲಿ. ಆ ದ್ವೀಪದಲ್ಲಿ ಹುಟ್ಟಾ ಬೆಕ್ಕುಗಳಿರಲಿಲ್ಲವಾದ್ದರಿಂದ ಅದನ್ನು ಯಾರೋ ದೋಣಿಯಲ್ಲಿ ತಂದಿರಬೇಕು. ಕಾಡುಬೆಕ್ಕು ಮನೆಬೆಕ್ಕಾದದ್ದು ಎಲ್ಲಿ, ಎಷ್ಟು ಸಲ ಎಂಬ ವಾದ ಇನ್ನೂ ನಿಂತಿಲ್ಲ. ನಿಲ್ಲುವ ಲಕ್ಷಣವೂ ಇಲ್ಲ.

ನಮ್ಮ ಉಪಖಂಡದ ಸಾಕ್ಷಿ ಇನ್ನೂ ಚೆಲುವಾದದ್ದು. ಸಿಂಧೂ ಕಣಿವೆಯ ಚನ್ಹುದಾರೊ ನೆಲೆಯನ್ನು 1935–36ರಲ್ಲಿ ಅಗೆದ ಅರ್ನೆಸ್ಟ್ ಮೆಕೆಗೆ ಒಂದು ಇಟ್ಟಿಗೆ ಸಿಕ್ಕಿತು. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಒಣಹಾಕಿದಾಗ ಅದರ ಮೇಲೆ ಒಂದು ಬೆಕ್ಕು ಓಡಿದೆ, ಅದರ ಹೆಜ್ಜೆಯನ್ನು ತುಸು ತುಳಿದು ಒಂದು ನಾಯಿ ಓಡಿದೆ. ಲಿಪಿಯನ್ನು ಓದಲು ನಮಗೆ ಇನ್ನೂ ಬಂದಿಲ್ಲ. ಈ ಇಟ್ಟಿಗೆಯನ್ನು ಮಾತ್ರ ಯಾರು ಬೇಕಾದರೂ ಓದಬಹುದು.

ಕನ್ನಡದ ಮೇಷ್ಟ್ರಾದ್ದರಿಂದ ಪದದ ಮಾತನ್ನು ಆಡದೆ ಬಿಡಲಾರೆ. ನಮ್ಮ 'ಬೆಕ್ಕು' ಹಿಂದೆ 'ಬೆರ್ಕು' ಆಗಿತ್ತು. ತಮಿಳಿನ 'ವೆರುಗು' ಇದರ ದಾಯಾದಿ. ಮೈಸೂರು ಕಡೆಯವರು ಕೊತ್ತಿಯೆಂದರೆ, ತುಳುವರು ಪುಚ್ಚೆಯೆನ್ನುತ್ತಾರೆ, ನಮ್ಮ ಗಡಿಯ ಮರಾಠಿಯವರು ಮಾಂಜರ ಎನ್ನುತ್ತಾರೆ. ಈ ಮಾಂಜರದ ಮೂಲವಾದ 'ಮಾರ್ಜಾರ'ಕ್ಕೆ, ತನ್ನನ್ನು ತಾನು ಉಜ್ಜಿ ತೊಳೆದುಕೊಳ್ಳುವುದು ಎಂಬ ಅರ್ಥ ಬರುತ್ತದೆ. ಇಂಥ ಶುಚಿಯಾದ ಹೆಸರನ್ನು ಕೊಟ್ಟ ಅದೇ ಸಂಸ್ಕೃತವು ಡಾಂಭಿಕನಿಗೆ 'ಬೈಡಾಲವ್ರತಿಕ' ಎಂಬ ಬಿರುದನ್ನೂ ಬೆಕ್ಕಿನ ಹೆಸರಿನಲ್ಲಿಯೇ ಕೊಟ್ಟಿತು. ಮಹಾಬಲಿಪುರದ ಹೆಬ್ಬಂಡೆಯ ಶಿಲ್ಪದಲ್ಲಿ ಎರಡೂ ಕೈ ಮೇಲೆತ್ತಿ ತಪಸ್ಸಿಗೆ ನಿಂತ ಬೆಕ್ಕನ್ನು ನೋಡದವರು ಕಡಮೆ. ಕಾಲ ಬಳಿ ಇಲಿಗಳು ಭಕ್ತಿಯಿಂದ ನೆರೆದಿವೆ. (ಆ ಊರಿಗೆ ಹೆಸರು ಬಂದದ್ದು 'ಮಾಮಲ್ಲ' ನರಸಿಂಹವರ್ಮನ ಬಿರುದಿನಿಂದ, 642ರಲ್ಲಿ ನಮ್ಮ ಬಾದಾಮಿಯನ್ನು ಹಿಡಿದವನೂ ಅವನೇ. ಕಪಟ ತಪಸ್ವಿಯ ಬಗ್ಗೆ ಅವನ ಶಿಲ್ಪಿಗಳಿಗೆ ಒಳ್ಳೆಯ ತಿಳಿವಳಿಕೆಯಿತ್ತು ಎಂದಿಷ್ಟೇ ಹೇಳಿ ಮುಂದೆ ಹೋಗುತ್ತೇನೆ.)

ದೊಡ್ಡ ಬೆಕ್ಕಿಗೆ ಕಪಟದ ಅಪವಾದ ಬಂದರೂ ಅದರ ಮರಿಗೆ ನಮ್ಮ ವೇದಾಂತದಲ್ಲಿ ಎತ್ತರದ ಪೀಠವಿದೆ. ರಾಮಾನುಜರ ನಂತರ ಶ್ರೀವೈಷ್ಣವರಲ್ಲಿ ಎರಡು ಪಂಥಗಳಾದವಷ್ಟೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿ ಹಿಡಿದಿರಬೇಕು. ಹಾಗೆ ಜೀವನೂ ತುಸು ಪ್ರಯತ್ನ ಮಾಡಬೇಕು ಎಂದರು ವಡಗಲೆಯವರು. ಬೆಕ್ಕಿನ ಮರಿ ಏನೂ ಮಾಡಬೇಕಾಗಿಲ್ಲ, ತಾಯಿಯೇ ಕತ್ತಿನಲ್ಲಿ ಕಚ್ಚಿ ಎತ್ತಿ ಸಾಗಿಸುತ್ತಾಳೆ. ಭಗವಂತನ ಕೃಪೆ ಹಾಗೆ ಎಂದರು ತೆಂಗಲೆಯವರು. ಇದೇ ಮಾರ್ಜಾರಕಿಶೋರ ನ್ಯಾಯ. ನಾನು ಇದನ್ನು ತರಗತಿಯಲ್ಲಿ ಹತ್ತಾರು ವರ್ಷ ಪಾಠ ಹೇಳಿದ್ದೇನೆ. ತಾಯಿ ಇಲ್ಲದ ಮಾರ್ಜಾರಕಿಶೋರದ ಗತಿಯೇನು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಬಂಗಾಳದಲ್ಲಿ ಕೂಸುಗಳನ್ನು ಕಾಯುವ ಷಷ್ಠೀದೇವಿಯ ವಾಹನ ಬೆಕ್ಕು. ಸೊಸೆಯೊಬ್ಬಳು ತಾನೇ ಕದ್ದು ತಿಂದು ಅಪವಾದವನ್ನು ಬೆಕ್ಕಿನ ಮೇಲೆ ಹೊರಿಸಿದಳಂತೆ. ಬೆಕ್ಕು ಅವಳು ಹೆತ್ತ ಕೂಸುಗಳನ್ನು ಒಂದೊಂದಾಗಿ ಒಯ್ದು ದೇವಿಯ ಬಳಿ ಇಟ್ಟಿತಂತೆ. ನಮ್ಮ ಕಡೆ ಕೂಸಿನ ಹಣೆಯಬರಹ ಬರೆಯುವ ಸೆಟವಿಯೂ ಇದೇ ಬಳಗದವಳು. ಆದರೆ ಅವಳ ಬೆಕ್ಕು ನಮ್ಮ ತನಕ ಬರಲಿಲ್ಲ.

ಸರಕಾರಿ ಕಾಗದಪತ್ರಗಳಲ್ಲಿ ಬೆಕ್ಕಿಗೆ ಮರ್ಯಾದೆ ಸಿಕ್ಕ ಕಾಲವೊಂದಿತ್ತು. ಅದು ಪ್ಲೇಗಿನ ಕಾಲ. 1896ರ ಸಪ್ಟಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ, ಕಾಳಿನ ಗೋದಾಮುಗಳ ನಡುವೆ, ಡಾಕ್ಟರ್ ವೀಗಸ್ ಎಂಬವರು ಮೊದಲ ರೋಗಿಗಳನ್ನು ಗುರುತಿಸಿದರು. ರೋಗ ರೈಲುಹಾದಿ ಹಿಡಿದು ದಕ್ಷಿಣಕ್ಕೆ ಬಂತು. ಬೆಳಗಾವಿ, ಧಾರವಾಡ ಜಿಲ್ಲೆಗಳು ತತ್ತರಿಸಿದವು. 1898ರಲ್ಲಿ ಹುಬ್ಬಳ್ಳಿ ಬರಿದಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿಗೂ ಹಬ್ಬಿತು. ನಮ್ಮ ಅಜ್ಜಿ ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: ಮನೆಯಲ್ಲಿ 'ಇಲಿ ಬಿತ್ತು' ಎಂದರೆ ಸಾಕು, ಒಲೆಯ ಮೇಲಿನ ಗಡಿಗೆಯನ್ನು ಹಾಗೆಯೇ ಬಿಟ್ಟು ಎಲ್ಲರೂ ಹೊಲದ ಗುಡಿಸಲಿಗೆ ಹೋಗಿಬಿಡುತ್ತಿದ್ದರು. ಊರಲ್ಲಿ ಉಳಿಯುತ್ತಿದ್ದುದು ಬೆಕ್ಕು ಮಾತ್ರ.

ಇಲಿಗೂ ಮನುಷ್ಯನಿಗೂ ನಡುವೆ ರೋಗವನ್ನು ದಾಟಿಸುವವರು ಯಾರು ಎಂಬುದನ್ನು ಕಂಡುಹಿಡಿದದ್ದು ಪಾಲ್-ಲೂಯಿ ಸಿಮೋ ಎಂಬ ಫ್ರೆಂಚ್ ವೈದ್ಯ, 1898ರ ಜೂನ್ ತಿಂಗಳಲ್ಲಿ, ಕರಾಚಿಯ ಒಂದು ಹೋಟೆಲಿನಲ್ಲಿ. ರೋಗ ಬಡಿದ ಇಲಿಯನ್ನು ಗಾಜಿನ ಭರಣಿಯಲ್ಲಿಟ್ಟಿದ್ದ. ಪ್ರಯೋಗಕ್ಕೆ ಸಾಕಷ್ಟು ಚಿಗಟಗಳಿರಲೆಂದು, ಆ ಹೋಟೆಲಿನ ಸುತ್ತ ಬೇಟೆಗೆ ಅಲೆಯುತ್ತಿದ್ದ ಒಂದು ಬೆಕ್ಕಿನ ಮೈಯಿಂದ ಕೆಲವನ್ನು ಎರವಲು ಪಡೆದ! ವೈದ್ಯಶಾಸ್ತ್ರದ ಒಂದು ದೊಡ್ಡ ಶೋಧಕ್ಕೆ ಹೀಗೆ ಹೆಸರಿಲ್ಲದ ಒಂದು ಬೀದಿಬೆಕ್ಕು ನೆರವಾಯಿತು. ಸಿಮೋನ ಮಾತನ್ನು ಜನ ಮೊದಲು ನಂಬಲಿಲ್ಲ. ಮುಂದೆ ಮುಂಬಯಿಯ ಪ್ಲೇಗು ಸಂಶೋಧನಾ ಆಯೋಗ ಅದನ್ನು ಸ್ಥಿರಪಡಿಸಿತು.

ವಿದರ್ಭದ ಅಮರಾವತಿಯಲ್ಲಿದ್ದ ಬುಕಾನನ್ ಎಂಬ ಸರಕಾರಿ ವೈದ್ಯಾಧಿಕಾರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬೆಕ್ಕುಗಳು ಹೆಚ್ಚಾಗಿರುವ ಹಳ್ಳಿಗಳಲ್ಲಿ ಪ್ಲೇಗು ಕಡಿಮೆ ಎಂದು ಕಂಡುಕೊಂಡು, ಬೆಕ್ಕೇ ಪ್ಲೇಗಿಗೆ ತಡೆ ಎಂದು 1908ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಬರೆದ. ಅದೇ ವರ್ಷ ಜಪಾನಿಗೆ ಹೋಗಿದ್ದ ರಾಬರ್ಟ್ ಕಾಕ್ ಸಹ ಬೆಕ್ಕುಗಳನ್ನು ಸಾಕಿರೆಂದು ಅಲ್ಲಿಯವರಿಗೆ ಉಪದೇಶಿಸಿದ. ಇಂದಿನ ತಿಳಿವಳಿಕೆ ಈ ಉತ್ಸಾಹಕ್ಕೆ ತಣ್ಣೀರೆರಚುತ್ತದೆ. ಬೆಕ್ಕಿಗೂ ಪ್ಲೇಗು ತಗಲುತ್ತದೆ. ಅದರಿಂದ ಮನುಷ್ಯನಿಗೂ ಬರಬಹುದು. ಇನ್ನು ಇಲಿಯ ಸಂಹಾರದ ಮಾತು: 2018ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಕಸದ ಕಾರ್ಖಾನೆಯೊಂದರ ಹೆಗ್ಗಣಗಳನ್ನೂ ಬೆಕ್ಕುಗಳನ್ನೂ 79 ದಿನ ಕ್ಯಾಮರಾದಿಂದ ಕಾದು ನೋಡಿದವರಿಗೆ ಸಿಕ್ಕಿದ್ದು ಮೂರೇ ದಾಳಿ, ಎರಡೇ ಬಲಿ. ಹಾಗಾದರೆ ಬೆಕ್ಕು ನಮ್ಮ ಅಡಿಗೆಮನೆಯಲ್ಲಿ ಹತ್ತು ಸಾವಿರ ವರ್ಷ ಮಾಡಿದ್ದೇನು ಎಂದು ಕೇಳಬೇಡಿ. ಸಣ್ಣ ಇಲಿಗಳ ವಿಷಯದಲ್ಲಿ ಅದರ ಕೀರ್ತಿ ನಿಜವಾದದ್ದೇ.

ಅಂತೂ, ಬೇಕಾದಾಗ ತಡೆಗೋಡೆ, ಬೇಡವಾದಾಗ ಗೋಣಿಚೀಲ. ಇಷ್ಟು ಚರಿತ್ರೆಯನ್ನು ತಿಳಿದ ನಾನು ಆ ದಿನ ಚೀಲವನ್ನು ನೋಡಿ ಉರಿದು, "ಕಾಕಾ, ಚೀಲ ಒಯ್ಯಿರಿ. ನಾನ ಮನೀಗಿ ಒಯ್ತೇನಿ" ಎಂದು ಮಹಾದಾತನ ಠೀವಿಯಿಂದ ಐದೂ ಮರಿಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟೆ. ಎರಡು ಕೆಂಚು, ಎರಡು ಪಟ್ಟೆ, ಒಂದು ಕರಿ. ಕಣ್ಣು ಆಗ ತಾನೇ ಬಿರಿಯುತ್ತಿದ್ದವು.

ಮನೆಗೆ ಬರುವಷ್ಟರಲ್ಲಿ ಚಳಿಗೆ ಅವು ತಣ್ಣಗಾಗಿದ್ದವು. ಹಸಿದಿರಬೇಕೆಂದು ಎಮ್ಮೆಯ ಹಾಲಿಗೆ ನೀರು ಬೆರೆಸಿ, ಕರಿಯದನ್ನು ಅಂಗಾತ ಹಿಡಿದು ಬತ್ತಿಯಿಂದ ಬಾಯಿಗೆ ಹಿಂಡಿದೆ, ಎಳೆಗೂಸಿಗೆ ಕುಡಿಸುವ ಹಾಗೆ. ಬೆಳಗಾಗುವುದರೊಳಗೆ ಅದು ಸತ್ತಿತ್ತು. ಮರುದಿನ ಒಂದು ಕೆಂಚಿಗೆ ಭೇದಿ ಹತ್ತಿತು. ಸಂಜೆಗೆ ಅದೂ ಹೋಯಿತು. ಆ ರಾತ್ರಿ ಒಂದು ಪಟ್ಟೆಯದು. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಹಿತ್ತಲಲ್ಲಿ ನುಗ್ಗೆಗಿಡದ ಬುಡವನ್ನು ಮೂರನೆಯ ಸಲ ಅಗೆದು ಬಂದ ಮೇಲೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ.

ಅವಳು ಹೇಳಿದ್ದನ್ನು ಎಲ್ಲರಿಗೂ ಉಪಯೋಗವಾದೀತೆಂದು ಬರೆಯುತ್ತೇನೆ. ಮೊದಲ ವಾರಗಳಲ್ಲಿ ಬೆಕ್ಕಿನ ಮರಿಗೆ ತನ್ನ ಮೈಶಾಖವನ್ನು ತಾನು ಕಾಯ್ದುಕೊಳ್ಳುವ ಶಕ್ತಿಯಿಲ್ಲ. ತಣ್ಣಗಾದ ಮರಿಯ ಹೊಟ್ಟೆ ಕೆಲಸ ಮಾಡುವುದಿಲ್ಲ. ಆಗ ಹಾಲು ವಿಷವೇ. ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಮಗ್ಗುಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಆಮೇಲೆ ಆಹಾರ. ಆಕಳು ಎಮ್ಮೆಗಳ ಹಾಲು ಅದಕ್ಕೆ ಒಗ್ಗದು, ಭೇದಿಯಾಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಪಟ್ಟಣದ ಅಂಗಡಿಗಳಲ್ಲಿ ದೊರೆಯುತ್ತದೆ. ಮರಿಯನ್ನು ಹೊಟ್ಟೆಯ ಮೇಲೆ ಕೂರಿಸಿಯೇ ಕುಡಿಸಬೇಕು. ಅಂಗಾತ ಮಲಗಿಸಿದರೆ ಹಾಲು ಪುಪ್ಪುಸಕ್ಕೆ ಇಳಿಯುತ್ತದೆ. ಮೊದಲ ವಾರ ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ ಸಹ. ಕುಡಿದ ಮೇಲೆ ಒದ್ದೆ ಅರಿವೆಯಿಂದ ಕೆಳಹೊಟ್ಟೆಯನ್ನು ಸವರದಿದ್ದರೆ, ಸುಮಾರು ಮೂರು ವಾರದ ತನಕ, ತಾನಾಗಿ ಮೂತ್ರ ಮಾಡಲಾರದು. ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು. ದಿನವೂ ತೂಗಬೇಕು. ಹುಟ್ಟಿದಾಗ ಸುಮಾರು 100 ಗ್ರಾಮ್ ಇರುವ ಮರಿ ವಾರಕ್ಕೆ ಮತ್ತೆ 100 ಗ್ರಾಮಿನಷ್ಟು ಏರಬೇಕು. ಏರದಿದ್ದರೆ ಅದೇ ಮೊದಲ ಎಚ್ಚರಿಕೆ.

ಇಷ್ಟನ್ನು ಹೇಳಿ ಆ ಹುಡುಗಿ, "ಸರ್, ಇದರ ತಾಯಿ ಎಲ್ಲಿ?" ಎಂದು ಕೇಳಿದಳು.

ನಾನು ಉತ್ತರ ಕೊಡಲಿಲ್ಲ. ತಾಯಿಯನ್ನು ನಾನು ನೆನೆದಿರಲೇ ಇಲ್ಲ.

ಮರುದಿನ ಸಿಪಾಯಿ ಕಾಕಾನನ್ನು ಕೇಳಿದೆ. "ಎರಡ ರಾತ್ರಿ ಒದರಿದ್ದೇ ಒದರಿದ್ದರಿ ಸರ, ಆ ಕ್ವಾಣಿ ಸುತ್ತ. ನಿಮಗ ಹೇಳೂಣಂದ್ರ, ನೀವು ಸಿಟ್ಟಿನಾಗಿದ್ರಿ" ಎಂದರು. ಅಪ್ಪನದು ಚೀಲವಾಗಿತ್ತು, ನನ್ನದು ಬುಟ್ಟಿಯಾಗಿತ್ತು. ಮರಿಗಳ ಮಟ್ಟಿಗೆ ಇಷ್ಟೇ ವ್ಯತ್ಯಾಸ.

ನಮ್ಮ ಕಬ್ಬಿನ ಸೀಮೆಯವರು ಈ ಪಾಠವನ್ನು ಬೇರೊಂದು ಕಡೆಯಿಂದ ಕಲಿತಿದ್ದಾರೆ. ಪಶ್ಚಿಮ ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಚಿರತೆಗಳು ಕಬ್ಬಿನ ಗದ್ದೆಯಲ್ಲಿಯೇ ಮರಿ ಹಾಕುತ್ತವೆ. ಕಾಡುಬೆಕ್ಕುಗಳೂ, ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲೊಂದಾದ ತುಕ್ಕುಚುಕ್ಕೆಯ ಬೆಕ್ಕೂ ಅಲ್ಲಿಯೇ ಹೆರುತ್ತವೆ. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಮರಿಗಳು ಸಿಕ್ಕಾಗ ಹಿಂದೆ ಅವನ್ನು ಎತ್ತಿಕೊಂಡು ಹೋಗುತ್ತಿದ್ದರು. ಈಗ ಅರಣ್ಯ ಇಲಾಖೆಯವರೂ ಮಾಣಿಕಡೋಹದ ಚಿರತೆ ಪುನರ್ವಸತಿ ಕೇಂದ್ರದ ವೈದ್ಯರೂ ಬಂದು ಮರಿಗಳನ್ನು ಪರೀಕ್ಷಿಸಿ, ಸಂಜೆ ಅದೇ ಗದ್ದೆಯಲ್ಲಿ, ಸಿಕ್ಕ ಜಾಗದಲ್ಲಿಯೇ, ಪೆಟ್ಟಿಗೆಯಲ್ಲಿಟ್ಟು ದೂರ ಸರಿಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಪೆಟ್ಟಿಗೆಯಿಂದ ಒಂದೊಂದನ್ನೇ ಕಚ್ಚಿ ಒಯ್ಯುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ನಮ್ಮ ಮಾತಿನಲ್ಲಿಯೂ ಇದೇ ತಿಳಿವಳಿಕೆಯಿದೆ. ಒಂಟಿಯಾಗಿ ಕಂಡ ಮರಿ ಅನಾಥವೆಂದೇ ಅಲ್ಲ. ತಾಯಿ ಆರನೆಯ ಮನೆಯಿಂದ ಏಳನೆಯ ಮನೆಗೆ ಸಾಗಿಸುವ ನಡುವೆ ಇರಬಹುದು.

ಉಳಿದ ಎರಡನ್ನು, ಒಂದು ಕೆಂಚು ಒಂದು ಪಟ್ಟೆ, ಅಂದೇ ಸಂಜೆ ಉತ್ತರಪತ್ರಿಕೆಗಳ ಕೋಣೆಯಲ್ಲಿ ಬುಟ್ಟಿಯೊಡನೆ ಇಟ್ಟು, ಬಾಗಿಲನ್ನು ಒಂದು ಗೇಣು ತೆರೆದು, ಎದುರಿನ ಕಟ್ಟೆಯ ಮೇಲೆ ಕಾಕಾನೂ ನಾನೂ ಕುಳಿತೆವು. ಏಳು ಗಂಟೆಯ ಸುಮಾರಿಗೆ ಬಂದಳು. ಬಡಕಲು ಪಟ್ಟೆಬೆಕ್ಕು. ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಒಳಗೆ ಹೋದ ಮೇಲೆ ಕೇಳಿದ ಸದ್ದನ್ನು ಬರೆಯಲು ನನಗೆ ಬಾರದು. ಆದರೆ ಬುಟ್ಟಿಯಲ್ಲಿ ಅವಳು ಎರಡಕ್ಕೆ ನಿಲ್ಲಿಸಲಿಲ್ಲ. ಮತ್ತೆ ಮತ್ತೆ ಮೂಸಿ, ಕಟ್ಟುಗಳ ಹಿಂದೆಲ್ಲ ಹುಡುಕಿದಳು. ಬೆಕ್ಕಿಗೆ ಎಣಿಕೆ ಬರುವುದಿಲ್ಲವೆಂದು ಎಲ್ಲಿಯೋ ಓದಿದ್ದೆ.

ಮುಂದಿನ ಐದಾರು ವಾರ ತಾಯಿಗೆ ಊಟ ನಮ್ಮದು, ಮರಿಗಳಿಗೆ ಹಾಲು ಅವಳದು. ಎರಡರಿಂದ ಏಳು ವಾರಗಳ ನಡುವೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಮನೆಯ ಬೆಕ್ಕಾಗುತ್ತದೆ, ಆ ಕಾಲ ಮೀರಿದರೆ ಹತ್ತಿರ ಬರುವುದು ಕಷ್ಟ. ಅದಕ್ಕಾಗಿ ಬಿ.ಎ. ತರಗತಿಯ ಹುಡುಗಿಯರು ಸರದಿಯಂತೆ ಬಂದು ಆಡಿಸುತ್ತಿದ್ದರು. ಹಾಜರಿ ಇಷ್ಟು ಚೆನ್ನಾಗಿ ನನ್ನ ಛಂದಸ್ಸಿನ ತರಗತಿಗೆ ಎಂದೂ ಆದದ್ದಿಲ್ಲ.

ಇನ್ನು ತಾಯಿಯ ಪ್ರಶ್ನೆ. ಬೆಕ್ಕಿನ ಗರ್ಭ 63ರಿಂದ 65 ದಿನ. ಮೊಲೆಯುಣಿಸುತ್ತಿರುವಾಗಲೇ ಮತ್ತೆ ಬಸಿರಾಗಬಲ್ಲದು. ಹೆಣ್ಣುಮರಿಯೂ ನಾಲ್ಕೈದು ತಿಂಗಳಿಗೇ ಬೆದೆಗೆ ಬಂದೀತು. ಒಂದು ಜೋಡಿಯಿಂದ ಏಳು ವರ್ಷದಲ್ಲಿ 4,20,000 ಬೆಕ್ಕುಗಳಾಗುತ್ತವೆ ಎಂದು ಪ್ರಾಣಿದಯಾ ಸಂಘಗಳ ಕರಪತ್ರಗಳಲ್ಲಿ ಬರೆಯುವುದುಂಟು. ಇದು ಲೆಕ್ಕದ ಮೇಷ್ಟ್ರು ಮಾಡಿದ ಬೆಕ್ಕು. ಹುಟ್ಟಿದ್ದೆಲ್ಲ ಬದುಕಿದರೆ ತಾನೆ? ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬೀದಿಬೆಕ್ಕುಗಳನ್ನು ನಿಜವಾಗಿ ಎಣಿಸಿದ ವರದಿ 2004ರಲ್ಲಿ ಬಂತು. 169 ಮರಿಗಳಲ್ಲಿ 127 ಆರು ತಿಂಗಳು ತುಂಬುವುದರೊಳಗೆ ಸತ್ತಿದ್ದವು, ಇಲ್ಲವೆ ಕಾಣೆಯಾಗಿದ್ದವು. ನಾಲ್ಕರಲ್ಲಿ ಮೂರು. ನನಗೆ ನಾಲ್ಕು ಲಕ್ಷಕ್ಕಿಂತ ಈ 127 ಎಂಬ ಅಂಕಿಯೇ ಹೆಚ್ಚು ಭಯ ಹುಟ್ಟಿಸುತ್ತದೆ.

ಬೀದಿಯ ಪ್ರಾಣಿಗಳನ್ನು ಕೊಂದು ಕಡಿಮೆ ಮಾಡುವ ಪ್ರಯತ್ನ ನಮ್ಮಲ್ಲಿ ಹಳೆಯದು. ಅದರ ವಿರುದ್ಧದ ಜಗಳವೂ ಅಷ್ಟೇ ಹಳೆಯದು. 1832ರಲ್ಲಿ ಮುಂಬಯಿಯ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ ಪಾರಸಿಗಳು ದಂಗೆಯೆದ್ದರು. ಎರಡು ವರ್ಷದ ಮೇಲೆ ಜಮಶೇಟಜಿ ಜೀಜೀಭಾಯಿ ಮತ್ತು ಮೋತಿಚಂದ ಅಮೀಚಂದ ಸೇರಿ ಅಲ್ಲಿ ಪಾಂಜರಪೋಳ ಕಟ್ಟಿದರು. ಕೊಲ್ಲುವುದೂ ಬೇಡ, ದೊಡ್ಡಿಯಲ್ಲಿ ಕೂಡುವುದೂ ಸಾಲದು, ಶಸ್ತ್ರಕ್ರಿಯೆ ಮಾಡಿ ಇದ್ದಲ್ಲಿಗೇ ಮರಳಿ ಬಿಡಬೇಕು ಎಂಬ ಮೂರನೆಯ ದಾರಿಯನ್ನು ನಮ್ಮ ದೇಶದಲ್ಲಿ ಮೊದಲು ಹಿಡಿದವರು ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆಯವರು. 1959ರಲ್ಲಿ ಹುಟ್ಟಿದ ಈ ಸಂಸ್ಥೆ 1960ರ ದಶಕದಲ್ಲಿಯೇ ನಾಯಿಗಳಿಗೆ ಇದನ್ನು ಆರಂಭಿಸಿತು. ಆದರೆ ಅಲ್ಲಿಯ ನಗರಸಭೆ ಕೊಲ್ಲುವುದನ್ನು ಬಿಟ್ಟು ಈ ದಾರಿಗೆ ಬಂದದ್ದು 1996ರಲ್ಲಿ. ಒಂದು ಒಳ್ಳೆಯ ಮಾತು ಕಚೇರಿಯ ಮೆಟ್ಟಿಲು ಹತ್ತಲು ಮೂವತ್ತು ವರ್ಷ ಹಿಡಿಯಿತು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ವೃದ್ಧೆ 1991ರಲ್ಲಿ 'ಕೂಪಾ' ಎಂಬ ಸಂಸ್ಥೆಯನ್ನು ಸ್ಥಾಪಿಸಿದಾಗ ಆಕೆಯ ವಯಸ್ಸು ಎಂಬತ್ತು ದಾಟಿತ್ತು. ಕೇಂದ್ರ ಸರಕಾರದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು 2001ರಲ್ಲಿ ಬಂದಾಗ ಹೆಸರಿನಲ್ಲಿಯೇ 'ನಾಯಿಗಳು' ಎಂದಿತ್ತು. 2023ರ ಹೊಸ ನಿಯಮಗಳ ಹೆಸರಿನಿಂದ ಆ ಪದ ಬಿದ್ದುಹೋಯಿತು. ಇಂಗ್ಲೆಂಡಿನಲ್ಲಿ ಬೆಕ್ಕುಗಳ ರಕ್ಷಣೆಗೆಂದೇ ಒಂದು ಸಂಘ 1927ರಷ್ಟು ಹಿಂದೆಯೇ ಹುಟ್ಟಿತ್ತು. ಎರಡು ತಿಂಗಳ ಮರಿಗೂ ಈ ಶಸ್ತ್ರಕ್ರಿಯೆ ಮಾಡಬಹುದೆಂದು ಲೀಬರ್ಮನ್ ಎಂಬ ಪಶುವೈದ್ಯರು 1987ರಲ್ಲಿ ವಾದಿಸಿದರು. ಅಮೆರಿಕದ ಪಶುವೈದ್ಯ ಸಂಘ ಅದನ್ನು 1993ರಲ್ಲಿ ಒಪ್ಪಿತು.

ಚರಿತ್ರೆ ಹೀಗೆ ನನ್ನ ಪಕ್ಷದಲ್ಲಿತ್ತು. ಆದರೆ ಸಿಪಾಯಿ ಕಾಕಾನ ತಾಯಿ ನನ್ನ ಪಕ್ಷದಲ್ಲಿರಲಿಲ್ಲ. ಎಂಬತ್ತರ ಮುದುಕಿ, ಓಣಿಗೆಲ್ಲ ಆಯಿ. ನಮ್ಮ ಕಡೆ 'ಆಪರೇಶನ್' ಎಂದರೆ ಒಂದೇ ಅರ್ಥ. ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರದಿಂದ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿಗೆ ಮೇಲ್ಪಂಕ್ತಿಯಾಗಿತ್ತು, ನಿಜ. ಆದರೆ ಹಳ್ಳಿಯ ನೆನಪಿನಲ್ಲಿ ಉಳಿದದ್ದು ಅದಲ್ಲ, 1976ರ ತುರ್ತು ಪರಿಸ್ಥಿತಿಯ ಒತ್ತಾಯ.

"ಮಾಸ್ತರ, ಅದರ ಹೊಟ್ಟಿ ಕೊಯ್ಸಾಕ ನೀ ಯಾರಪಾ? ಅದ ಬಂದ ನಿನ್ನ ಕೇಳೈತೇನ?" ಎಂದಳು.

"ನಿಮ್ಮ ಹೋರಿಗೆ ಬೀಜಾ ಒಡಿಸಿ ಎತ್ತ ಮಾಡಿಲ್ಲೇನ ಆಯಿ? ಅದರೇ ಬಂದ ಕೇಳಿತ್ತೇನ?" ಎಂದೆ. ಹಂದಿಗಳಿಗೂ ಹೆಣ್ಣೊಂಟೆಗಳಿಗೂ ಹೀಗೆ ಮಾಡುತ್ತಿದ್ದರೆಂದು ಅರಿಸ್ಟಾಟಲನೇ ಬರೆದಿದ್ದಾನೆಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು; ಪುಣ್ಯಕ್ಕೆ ತಡೆದುಕೊಂಡೆ.

"ಎತ್ತ ದುಡೀತೈತಿ. ದುಡಿಸಿಕೊಳ್ಳಾಕ ಒಡಸ್ತೀವಿ. ನಮ್ಮ ಪಾಪ ನಮಗ ಗೊತ್ತೈತಿ. ಬೆಕ್ಕ ನಿನಗೇನ ಮಾಡೂದೈತಿ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿ ಇಲ್ಲ. ಕೇಳಲಾರದ ಪ್ರಾಣಿಯ ಪರವಾಗಿ ನಿರ್ಧಾರ ಮಾಡುವವನು, ತಾನು ಅದರ ಒಳಿತಿಗೇ ಮಾಡುತ್ತಿದ್ದೇನೆಂದು ಎಷ್ಟು ಹೇಳಿಕೊಂಡರೂ ಅಳುಕು ಉಳಿಯುತ್ತದೆ, ಉಳಿಯಬೇಕಾದ್ದೇ. ನಾನು ಸುಮ್ಮನೆ ಕುಳಿತದ್ದನ್ನು ನೋಡಿ ಆಯಿಯೇ ಕೇಳಿದಳು: "ಎಷ್ಟ ಸತ್ತೂ?"

"ಐದರಾಗ ಮೂರು."

ಅವಳು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. "ನಾ ಹಡದದ್ದು ಒಂಬತ್ತ. ಉಳದದ್ದು ನಾಕ" ಎಂದಳು. ಮತ್ತೆ ಬಹಳ ಹೊತ್ತಿನ ಮೇಲೆ, "ಒಯ್ಯಿ. ಆದ್ರ ತಿರಗಿ ತಂದ ಇಲ್ಲೇ ಬಿಡಬೇಕ ನೋಡು" ಎಂದಳು.

ನಮ್ಮ ಸೀಮೆಯ ಜನ ತಮ್ಮ ದೊಡ್ಡ ಕಾಯಿಲೆಗಳಿಗೆ ಮೀರಜಿನ ಹಾದಿ ಹಿಡಿದವರು. ಡಾಕ್ಟರ್ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ರೂಢಿ. ಬೆಕ್ಕಿಗಾಗಿ ನಾನೂ ಗಡಿಯಾಚೆಯ ಊರಿಗೇ ಹೋದೆ. ಮುಚ್ಚಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತಾಗ, ಮೂವತ್ತು ನಾಲ್ವತ್ತು ವರ್ಷದ ಹಿಂದಿನ ಅದೇ ಬಿಸುಪು ಪಂಚೆಯನ್ನು ದಾಟಿ ತಾಗಿತು. ಕಂಡಕ್ಟರು "ಇದಕ್ಕೂ ಟಿಕೇಟ ತಗೋಬೇಕ್ರಿ" ಎಂದು ನಕ್ಕ. ವೈದ್ಯರು ಅರಿವಳಿಕೆ ಕೊಟ್ಟು ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆದರು. ಗಾಯ ಎರಡು ಬೆರಳಿನಷ್ಟೂ ಇರಲಿಲ್ಲ. ಮತ್ತೆ ಯಾರೂ ಹಿಡಿದು ಕೊಯ್ಯದಿರಲಿ ಎಂದು ಎಡಗಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡಿದರು. ಹಲವು ದೇಶಗಳಲ್ಲಿ ನಡೆಯುವ ಗುರುತು ಅದು. ಒಂದು ವಾರ ನಮ್ಮ ಬಚ್ಚಲ ಮನೆಯಲ್ಲಿ ಇಟ್ಟುಕೊಂಡು, ಆಯಿಯ ಕರಾರಿನಂತೆ ಕಾಲೇಜಿಗೇ ಒಯ್ದು ಬಿಟ್ಟೆ. ಬುಟ್ಟಿಯಿಂದ ಇಳಿದವಳು ನನ್ನ ಕಡೆಗೆ ತಿರುಗಿಯೂ ನೋಡದೆ ಕತ್ತಲೆ ಕೋಣೆಗೆ ನಡೆದಳು.

ಕೆಂಚುಮರಿಯನ್ನು ಆಯಿ ಕೇಳಿ ಪಡೆದಳು, ಜೋಳದ ಚೀಲ ಕಾಯಲೆಂದು. ಅದು ಕಾಯುವುದಕ್ಕಿಂತ ಚೀಲದ ಮೇಲೆ ಮಲಗುವುದೇ ಹೆಚ್ಚು ಎಂದು ದೂರುತ್ತಾಳೆ. ಪಟ್ಟೆಯದು ಈಗ ನಾನು ಬರೆಯುತ್ತಿರುವ ಮೇಜಿನ ಕೆಳಗಿದೆ. ಮೊನ್ನೆ ಹಳೆಯ ಉತ್ತರಪತ್ರಿಕೆಗಳನ್ನು ರದ್ದಿಗೆ ಹಾಕಲು ಆದೇಶ ಬಂತು. ಕಾಕಾ ಗೋಣಿಚೀಲಗಳಲ್ಲಿ ತುಂಬಿ ತುಂಬಿ ಟೆಂಪೋಕ್ಕೆ ಹೇರಿದರು. ಮೂಲೆಯಲ್ಲಿ ಕನ್ನಡದ ಒಂದು ಕಟ್ಟು ಹಾಗೆಯೇ ಉಳಿದಿದೆ. ಯಾಕೆಂದು ನಾನು ಕೇಳಲಿಲ್ಲ. ಅದರ ಮೇಲೆ ಅವಳು ಮಲಗಿದ್ದಳು.